ಸಣ್ಣ ಉರಿಯ ಲೆಕ್ಕ

ಇಸ್ತ್ರಿ ಪೆಟ್ಟಿಗೆ ಸಾವಿರ ವಾಟ್ ಎಳೆಯುತ್ತದೆ, ಇಂಡಕ್ಷನ್ ಒಲೆ ಎರಡು ಸಾವಿರ. ಮೂರೂವರೆ ಲೀಟರಿನ ಸ್ಲೋ ಕುಕ್ಕರ್‌ಗೆ ಇನ್ನೂರು ವಾಟ್ ಸಾಕು. ಇಷ್ಟು ಕಡಿಮೆ ಶಾಖದಲ್ಲಿ ಮೇಕೆಯ ಕಾಲು ಮೂಳೆ ಬಿಟ್ಟು ಬರುವಷ್ಟು ಬೇಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಅಂಗಡಿಯಲ್ಲಿ ನಿಂತು ಓದುವವರಿಗೆ ಅನುಮಾನ ಬರುವುದು ಸಹಜ. ಡಬ್ಬಿಯ ಮಾತು ನಿಜ. ಅದು ಹೇಗೆ ನಿಜ ಎಂದು ತಿಳಿದುಕೊಂಡರೆ ಯಾವ ಕುಕ್ಕರ್ ಕೊಳ್ಳಬೇಕು, ಅಸಲಿಗೆ ಕೊಳ್ಳಬೇಕೇ ಬೇಡವೇ ಎನ್ನುವುದೂ ಮುಕ್ಕಾಲು ಪಾಲು ತೀರ್ಮಾನವಾದಂತೆ.

ಮೂರು ಲೀಟರ್ ನೀರನ್ನು 25 ಡಿಗ್ರಿಯಿಂದ 95 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 880 ಕಿಲೋಜೂಲ್ ಶಾಖ ಬೇಕು. 200 ವಾಟ್ ಎಂದರೆ ಸೆಕೆಂಡಿಗೆ 200 ಜೂಲ್. ಎಲ್ಲೂ ಸೋರದೆ ಶಾಖವೆಲ್ಲ ನೀರಿಗೇ ಹೋದರೆ 73 ನಿಮಿಷಕ್ಕೆ ಕೆಲಸ ಮುಗಿಯಬೇಕು. ಆದರೆ ಶಾಖ ಸೋರುತ್ತದೆ. ದಪ್ಪ ಪಿಂಗಾಣಿ ಪಾತ್ರೆಯೇ ಮೊದಲು ಒಂದಷ್ಟು ಕುಡಿಯುತ್ತದೆ, ಹೊರಗಿನ ಕವಚ ಗಾಳಿಗೆ ಬಿಟ್ಟುಕೊಡುತ್ತದೆ, ಮುಚ್ಚಳದ ಗಾಜು ಇನ್ನಷ್ಟು ಕಳೆಯುತ್ತದೆ. ಒಳಗೆ ಬಿಸಿ ಏರಿದಷ್ಟೂ ಈ ಸೋರಿಕೆಯೂ ಏರುತ್ತದೆ. ಕೊನೆಗೊಂದು ಹಂತದಲ್ಲಿ ಒಳಗೆ ಬರುವ ಶಾಖ, ಹೊರಗೆ ಹೋಗುವ ಶಾಖ ಎರಡೂ ಸಮನಾಗಿ ಉಷ್ಣತೆ ಅಲ್ಲಿಗೇ ನಿಲ್ಲುತ್ತದೆ. ಆ ನಿಲುಗಡೆ ಕುದಿಯುವ ಬಿಂದುವಿಗಿಂತ ತುಸು ಕೆಳಗೆ ಬೀಳುವಂತೆ ವಾಟನ್ನೂ ಪಾತ್ರೆಯನ್ನೂ ಹೊಂದಿಸುವುದೇ ಸ್ಲೋ ಕುಕ್ಕರಿನ ಇಡೀ ಎಂಜಿನಿಯರಿಂಗ್. ಸಾದಾ ಮಾದರಿಗಳು ಇದರಾಚೆ ಬೇರೆ ಬುದ್ಧಿಯನ್ನು ಬಯಸುವುದಿಲ್ಲ.

ಗುಂಡಿಯ ಮೇಲಿರುವ ‘ಲೋ’ ಮತ್ತು ‘ಹೈ’ಗಳ ಅರ್ಥವೂ ಇಲ್ಲಿಂದಲೇ ತಿಳಿಯುತ್ತದೆ. ‘ಲೋ’ ಎಂದರೆ 70 ಡಿಗ್ರಿ, ‘ಹೈ’ ಎಂದರೆ 100 ಡಿಗ್ರಿ ಎಂದು ಅನೇಕರು ಭಾವಿಸಿದ್ದಾರೆ. ಹಲವು ಮಾದರಿಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಉಷ್ಣತೆಯನ್ನು. ವ್ಯತ್ಯಾಸವಿರುವುದು ಅಲ್ಲಿಗೆ ತಲುಪುವ ಹೊತ್ತಿನಲ್ಲಿ: ‘ಹೈ’ ಮೂರು ನಾಲ್ಕು ಗಂಟೆಯಲ್ಲಿ ಮುಟ್ಟಿದರೆ ‘ಲೋ’ಗೆ ಏಳೆಂಟು ಗಂಟೆ ಹಿಡಿಯುತ್ತದೆ.

ಹೀಗೆ ನಿಧಾನವಾಗಿ ಬೆಂದ ಮಾಂಸ ಏಕೆ ಮೆತ್ತಗಾಗುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನದ ಕಣ್ಣಿನಿಂದ ಮೊದಲು ನೋಡಿದವರಲ್ಲಿ ಬೆಂಜಮಿನ್ ಥಾಮ್ಸನ್ ಒಬ್ಬ. 1753ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಬವೇರಿಯಾದ ದೊರೆಯ ಬಳಿ ಕೆಲಸ ಮಾಡಿ, ಕೌಂಟ್ ರಮ್‌ಫರ್ಡ್ ಎಂಬ ಬಿರುದಿನಿಂದ ಹೆಸರಾದವನು. ಫಿರಂಗಿಯ ನಳಿಗೆ ಕೊರೆಯುವಾಗ ಹುಟ್ಟುವ ಬಿಸಿಯನ್ನು ಅಳೆದು, ಶಾಖವೆಂಬುದು ಒಂದು ದ್ರವವಲ್ಲ ಎಂದು 1798ರಲ್ಲಿ ವಾದಿಸಿದವನೂ ಇವನೇ. ಇವನಿಗೆ ಅಡುಗೆಮನೆಯ ಮೇಲೂ ಅಷ್ಟೇ ಪ್ರೀತಿ. ಆಲೂಗಡ್ಡೆ ಒಣಗಿಸಲೆಂದು ತಾನು ಮಾಡಿಸಿದ್ದ ಯಂತ್ರದೊಳಗೆ ಒಮ್ಮೆ ಕುರಿಯ ಭುಜದ ಮಾಂಸವಿಟ್ಟು ನೋಡಿದ. ಮೂರು ಗಂಟೆ ಕಳೆದರೂ ಬೆಂದಿರಲಿಲ್ಲ. ಆಸೆ ಬಿಟ್ಟು ಅದನ್ನು ಅಡುಗೆಯ ಹೆಣ್ಣುಮಕ್ಕಳಿಗೆ ಒಪ್ಪಿಸಿ ಮಲಗಿದ. ಅವರು ರಾತ್ರಿಯೆಲ್ಲ ಅಲ್ಲೇ ಬಿಟ್ಟಿದ್ದ ಮಾಂಸ ಬೆಳಗ್ಗೆ ಹದವಾಗಿ ಬೆಂದು, ಹಿಂದೆಂದೂ ಇಲ್ಲದಷ್ಟು ರುಚಿಯಾಗಿತ್ತು.

ಆ ರಾತ್ರಿ ನಡೆದದ್ದು ಇಷ್ಟು. ಮಾಂಸದಲ್ಲಿ ಎರಡು ಬಗೆಯ ಪ್ರೋಟೀನ್‌ಗಳು ಎದುರುಬದುರಾಗಿ ಕೆಲಸ ಮಾಡುತ್ತವೆ. ಸ್ನಾಯುವಿನ ಎಳೆಗಳು 60 ಡಿಗ್ರಿ ದಾಟುತ್ತಲೇ ಬಿಗಿದುಕೊಂಡು ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಆ ಎಳೆಗಳನ್ನು ಕಟ್ಟಿ ಹಿಡಿದಿರುವ ಕೊಲಾಜೆನ್ ಮಾತ್ರ ಗಂಟೆಗಟ್ಟಲೆ ತೇವದ ಶಾಖ ಸಿಕ್ಕಮೇಲೆ ಕರಗಿ ಜೆಲಾಟಿನ್ ಆಗುತ್ತದೆ. ಕಾಲು ಸೂಪು ಆರಿದ ಮೇಲೆ ಪಾತ್ರೆಯಲ್ಲಿ ಗಟ್ಟಿಯಾಗಿ ಅಲುಗಾಡುವುದು, ತುಟಿಗೆ ಅಂಟುವುದು ಈ ಜೆಲಾಟಿನ್‌ನಿಂದ. ಹೀಗಾಗಿ ಕೊಲಾಜೆನ್ ಹೆಚ್ಚಿರುವ ಕಾಲು, ತೊಡೆ, ಕತ್ತಿನ ಮಾಂಸ ನಿಧಾನದ ಅಡುಗೆಯಲ್ಲಿ ಗೆಲ್ಲುತ್ತದೆ. ಕೊಲಾಜೆನ್ ಕಡಿಮೆಯಿರುವ ಕೋಳಿಯ ಎದೆಮಾಂಸ ಒಣಗಿ ನಾರಾಗುತ್ತದೆ. ಪ್ರಾಣಿಗೆ ವಯಸ್ಸಾದಂತೆ ಕೊಲಾಜೆನ್‌ನ ಎಳೆಗಳ ನಡುವೆ ಕೊಂಡಿಗಳು ಹೆಚ್ಚಿ ಮಾಂಸ ಗಟ್ಟಿಯಾಗುತ್ತದೆ. ಆರು ವಾರಕ್ಕೇ ಕತ್ತರಿಸುವ ಬ್ರಾಯ್ಲರ್ ಕೋಳಿಗೆ ಸ್ಲೋ ಕುಕ್ಕರ್ ಬೇಕಿಲ್ಲ; ತಿಂಗಳುಗಟ್ಟಲೆ ಹಿತ್ತಲಲ್ಲಿ ಕೆದಕಿ ಬೆಳೆದ ನಾಟಿ ಕೋಳಿಗೆ ಅದು ಹೇಳಿ ಮಾಡಿಸಿದ್ದು.

ಇಂದಿನ ಸ್ಲೋ ಕುಕ್ಕರಿನ ಕಥೆ ಮಾಂಸಕ್ಕಿಂತ ಹೆಚ್ಚಾಗಿ ಕಾಳಿನ ಕಥೆ. ಷಿಕಾಗೋದ ಎಂಜಿನಿಯರ್ ಅರ್ವಿಂಗ್ ನಾಕ್ಸನ್‌ಗೆ ಅವನ ತಾಯಿ ತಮಾರಾ ತಮ್ಮ ಲಿಥುವೇನಿಯಾದ ಬಾಲ್ಯವನ್ನು ಹೇಳುತ್ತಿದ್ದರು. ಯೆಹೂದ್ಯರಿಗೆ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಸಬ್ಬತ್ತು, ಒಲೆ ಹೊತ್ತಿಸುವಂತಿಲ್ಲ. ಅದಕ್ಕೆ ಕಾಳು, ಮಾಂಸ, ಗೆಡ್ಡೆ ತುಂಬಿದ ಪಾತ್ರೆಯನ್ನು ಸಂಜೆಗೇ ಊರ ಬ್ರೆಡ್ಡಿನ ಭಟ್ಟಿಗೆ ಒಯ್ದು ಕೊಡುತ್ತಿದ್ದರು. ಬೆಂಕಿ ಆರಿದ ಭಟ್ಟಿ ರಾತ್ರಿಯಿಡೀ ತಣ್ಣಗಾಗುತ್ತ ಬಂದಂತೆ ಉಳಿದ ಶಾಖದಲ್ಲೇ ‘ಚೋಲೆಂಟ್’ ಎಂಬ ಆ ಅಡುಗೆ ಬೇಯುತ್ತಿತ್ತು. ಇದನ್ನು ವಿದ್ಯುತ್ತಿನಿಂದ ಮಾಡಬಹುದೆಂದು ಕಂಡುಕೊಂಡ ನಾಕ್ಸನ್ 1936ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, 1940ರಲ್ಲಿ ಸಿಕ್ಕಿತು. ಒಳಪಾತ್ರೆಯ ಸುತ್ತ ಶಾಖದ ತಂತಿ ಸುತ್ತಿದ್ದು ಅವನ ವಿನ್ಯಾಸದ ಜೀವಾಳ.

ಆಗ ಅದು ಹೆಚ್ಚು ಸುದ್ದಿಯಾಗಲಿಲ್ಲ. ‘ನಾಕ್ಸನ್ ಬೀನರಿ’ ಎಂಬ ಹೆಸರಿನಲ್ಲಿ, ಕಾಳು ಬೇಯಿಸುವ ಪಾತ್ರೆಯಾಗಿ ಮೂರು ದಶಕ ತೆವಳಿತು. 1970ರಲ್ಲಿ ಕನ್ಸಾಸ್ ಸಿಟಿಯ ರೈವಲ್ ಕಂಪನಿ ನಾಕ್ಸನ್‌ನ ಉದ್ಯಮವನ್ನು ಕೊಂಡಿತು. ಮರುವರ್ಷ ‘ಕ್ರಾಕ್ ಪಾಟ್’ ಎಂದು ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟಾಗ ಅಮೆರಿಕದ ಮನೆಗಳು ಬದಲಾಗಿದ್ದವು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಹೊರಗೆ ದುಡಿಯಲು ಹೊರಟಿದ್ದರು. 1973ರ ತೈಲ ಬಿಕ್ಕಟ್ಟು ಇಂಧನದ ಲೆಕ್ಕ ಹಾಕುವುದನ್ನು ಎಲ್ಲರಿಗೂ ಕಲಿಸಿತು. ಬೆಳಗ್ಗೆ ತುಂಬಿಟ್ಟು ಹೋದರೆ ಸಂಜೆ ಬರುವಷ್ಟರಲ್ಲಿ ಊಟ ಸಿದ್ಧ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ. 1974ರಲ್ಲಿ ಒಳಪಾತ್ರೆಯನ್ನು ಎತ್ತಿ ತೊಳೆಯುವಂತೆ ಮಾಡಿದ್ದು ಸಣ್ಣ ಬದಲಾವಣೆಯಂತೆ ಕಂಡರೂ ಬಹಳ ದೊಡ್ಡದು. ಇಂದು ಯಾರಾದರೂ ಎತ್ತಲಾಗದ ಒಳಪಾತ್ರೆಯ ಕುಕ್ಕರ್ ತೋರಿಸಿದರೆ, ಮುಂದಿನ ಮಾತೇ ಬೇಡ.

ನಿಧಾನದ ಅಡುಗೆಗೆ ನಮ್ಮ ದೇಶದಲ್ಲೂ ಒಳ್ಳೆಯ ತಲೆಗಳು ಕೆಲಸ ಮಾಡಿವೆ. ಬಂಗಾಳದ ಇಂದುಮಾಧವ ಮಲ್ಲಿಕ್ 1910ರಲ್ಲಿ ರೂಪಿಸಿದ ‘ಇಕ್ಮಿಕ್ ಕುಕ್ಕರ್’ನಲ್ಲಿ ಟಿಫಿನ್ ಕ್ಯಾರಿಯರಿನಂತೆ ಒಂದರ ಮೇಲೊಂದು ಡಬ್ಬಿ ಜೋಡಿಸಿ, ಅಡಿಯಲ್ಲಿ ಇದ್ದಿಲಿನ ಕೆಂಡವಿಟ್ಟು ಬಿಟ್ಟರೆ ಅನ್ನ, ಬೇಳೆ, ಪಲ್ಯ ಹಬೆಯಲ್ಲಿ ತಾವಾಗಿ ಬೇಯುತ್ತಿದ್ದವು. ನೆರೆಯ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ಜನಪ್ರಿಯಗೊಳಿಸಿದ ‘ಚೂಡಾರಾಪ್ಪೆಟ್ಟಿ’ಗೆ ಕೆಂಡವೂ ಬೇಡ: ಅನ್ನ ಒಂದು ಕುದಿ ಬಂದಮೇಲೆ ಪಾತ್ರೆಯನ್ನು ಶಾಖ ಬಿಡದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರಾಯಿತು. ನಮ್ಮ ಕರಾವಳಿಯಲ್ಲೂ ಕುಚ್ಚಲಕ್ಕಿಗೆ ಇದೇ ತತ್ವದ ಥರ್ಮಲ್ ಕುಕ್ಕರ್ ಬಳಸುವವರಿದ್ದಾರೆ. ಬೇಯುವುದಕ್ಕೆ ಬೇಕಾದದ್ದು ಬಿಸಿಯೇ ಹೊರತು ಉರಿಯಲ್ಲ, ಬಿಸಿಯನ್ನು ಹಿಡಿದಿಟ್ಟರೆ ಉರಿ ಉಳಿಯುತ್ತದೆ ಎಂಬ ತಿಳಿವಳಿಕೆ ಇವೆಲ್ಲದರ ಬುಡದಲ್ಲಿದೆ.

ಇನ್ನು ಕನ್ನಡಿಗರ ಅಡುಗೆಮನೆಗೆ ಬರೋಣ. ಇಲ್ಲಿ ಸ್ಲೋ ಕುಕ್ಕರ್ ಎದುರಿಸಬೇಕಾದ ಪ್ರತಿಸ್ಪರ್ಧಿ ಪ್ರೆಶರ್ ಕುಕ್ಕರ್. ಅದು ಒತ್ತಡ ಏರಿಸಿ ನೀರನ್ನು ಸುಮಾರು 120 ಡಿಗ್ರಿಯವರೆಗೆ ಒಯ್ಯುತ್ತದೆ; ತೊಗರಿಬೇಳೆ ಮೂರು ಕೂಗಿಗೆ ಬೇಯುತ್ತದೆ. ದಿನದ ಬೇಳೆ, ಅನ್ನ, ತರಕಾರಿಗೆ ಇದನ್ನು ಬಿಟ್ಟು ಬೇರೆ ಕೊಳ್ಳುವ ಅಗತ್ಯವೇ ಇಲ್ಲ. ಇಂಧನದ ಉಳಿತಾಯದ ಮಾತನ್ನೂ ನೇರವಾಗಿ ನೋಡಬೇಕು. 200 ವಾಟಿನ ಕುಕ್ಕರ್ ಎಂಟು ಗಂಟೆ ಪೂರ್ತಿ ಶಕ್ತಿಯಲ್ಲಿ ನಡೆದರೆ 1.6 ಯೂನಿಟ್ ವಿದ್ಯುತ್. ಒಂದೂವರೆ ಕಿಲೋವಾಟ್ ಶಾಖ ಕೊಡುವ ಗ್ಯಾಸ್ ಬರ್ನರ್ ಮೇಲೆ ಪ್ರೆಶರ್ ಕುಕ್ಕರ್ ಅರ್ಧ ಗಂಟೆ ಇದ್ದರೆ ಮುಕ್ಕಾಲು ಯೂನಿಟ್‌ನಷ್ಟು ಶಾಖ. ಗ್ಯಾಸ್ ಮೇಲೆ ತೆರೆದ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಸುವುದಕ್ಕೆ ಹೋಲಿಸಿದರೆ ಸ್ಲೋ ಕುಕ್ಕರ್ ಉಳಿಸುತ್ತದೆ, ಪ್ರೆಶರ್ ಕುಕ್ಕರ್‌ಗೆ ಹೋಲಿಸಿದರೆ ಉಳಿಸುವುದಿಲ್ಲ. ಅದು ಉಳಿಸಿಕೊಡುವುದು ಮನುಷ್ಯರ ಗಮನವನ್ನು. ಒಲೆಯ ಮುಂದೆ ನಿಲ್ಲಬೇಕಿಲ್ಲ, ಕೂಗು ಎಣಿಸಬೇಕಿಲ್ಲ, ತಳ ಹಿಡಿದೀತೆಂಬ ಭಯವಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಡುವ ಸಂಸಾರಕ್ಕೆ, ಒಲೆ ಮರೆತುಬಿಡುವ ವಯಸ್ಸಾದವರಿರುವ ಮನೆಗೆ ಇದು ಸಣ್ಣ ಲಾಭವಲ್ಲ.

ಹುರುಳಿಕಾಳನ್ನೇ ತೆಗೆದುಕೊಳ್ಳಿ. ಬಿಡಿಸಿ ನೋಡಿದರೆ ಪುಟ್ಟ ಚಪ್ಪಟೆ ಕಾಳು. ಸಿಪ್ಪೆಯೊಳಗೆ ಜೀವಕೋಶಗಳು ಪೆಕ್ಟಿನ್ ಎಂಬ ಅಂಟಿನಿಂದ ಒಂದಕ್ಕೊಂದು ಕೂಡಿಕೊಂಡಿವೆ. ಕಾಳು ಬೇಯುವುದೆಂದರೆ ಆ ಅಂಟು ನೀರಿನಲ್ಲಿ ಕರಗಿ ಜೀವಕೋಶಗಳು ಬಿಡಿಯಾಗುವುದು. ಕೋಲಾರದ ಕಡೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಈ ಪೆಕ್ಟಿನ್ ಎಳೆಗಳ ನಡುವೆ ಹೊಲಿಗೆ ಹಾಕಿದಂತೆ ಕೂತು ಅವು ಕರಗದಂತೆ ತಡೆಯುತ್ತದೆ. ‘ನೀರು ಸರಿಯಿಲ್ಲ, ಬೇಳೆ ಬೇಯುತ್ತಿಲ್ಲ’ ಎನ್ನುವ ಗೃಹಿಣಿಯ ದೂರು ಪೂರ್ತಿ ರಸಾಯನವಿಜ್ಞಾನ. ಹುಳಿಯೂ ಇದೇ ಕೆಲಸ ಮಾಡುತ್ತದೆ. ಹುಣಸೆರಸ, ಟೊಮೆಟೊ ಮೊದಲೇ ಬಿದ್ದರೆ ಕಾಳು ಎಂಟು ಗಂಟೆಯಾದರೂ ಕಚ್ಚಿದರೆ ಕಟ್ ಎನ್ನುತ್ತದೆ. ಪ್ರೆಶರ್ ಕುಕ್ಕರಿನ 120 ಡಿಗ್ರಿ ಈ ತಡೆಯನ್ನು ಬಲದಿಂದ ಮುರಿಯುತ್ತದೆ. ಸ್ಲೋ ಕುಕ್ಕರ್‌ಗೆ ಆ ಬಲವಿಲ್ಲ. ಅದಕ್ಕೆ ಸಿಹಿನೀರು ಬೇಕು, ರಾತ್ರಿ ಉಪ್ಪು ಹಾಕಿ ನೆನೆಸಿದ ಕಾಳು ಬೇಕು, ಹುಳಿ ಕೊನೆಗೆ ಬೀಳಬೇಕು. ಅಷ್ಟು ನಡೆಸಿಕೊಟ್ಟರೆ ಹುರುಳಿಯ ಕಟ್ಟು ತಿಳಿಯಾಗಿ, ಕಾಳು ಒಡೆಯದೆ ಇಳಿಯುತ್ತದೆ.

ಒಗ್ಗರಣೆಯ ಕೆಲಸ ಮಾತ್ರ ಇದರಿಂದ ಆಗದು. ಈರುಳ್ಳಿ ಕೆಂಪಗಾಗುವ, ಮಾಂಸದ ಮೇಲೆ ಕಂದು ಬಣ್ಣ ಕೂರುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ. ಅದು ಚುರುಕಾಗುವುದು 140 ಡಿಗ್ರಿಯ ಆಸುಪಾಸಿನಲ್ಲಿ. ನೀರಿರುವ ಪಾತ್ರೆ ಅಷ್ಟು ಬಿಸಿಗೆ ಏರುವುದಿಲ್ಲ. ಆದ್ದರಿಂದ ಹುರಿಯುವುದೆಲ್ಲ ಬಾಣಲೆಯಲ್ಲೇ ಮುಗಿಯಬೇಕು. ರುಬ್ಬಿದ ಕಾಯಿ ಮಸಾಲೆ, ಕೊತ್ತಂಬರಿ ಸೊಪ್ಪು ಕೊನೆಯ ಅರ್ಧ ಗಂಟೆಗೆ. ಎಂಟು ಗಂಟೆ ಬಿಸಿಯಲ್ಲಿ ಕೂತ ಮಸಾಲೆಗೆ ಘಮ ಉಳಿಯುವುದಿಲ್ಲ.

ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗಾತ್ರ. ಇಲ್ಲಿ ದೊಡ್ಡದೇ ಒಳ್ಳೆಯದೆಂಬ ನಂಬಿಕೆ ಕೈಕೊಡುತ್ತದೆ. ಕುಕ್ಕರ್ ಅರ್ಧದಿಂದ ಮೂರರಲ್ಲಿ ಎರಡು ಪಾಲು ತುಂಬಿದಾಗ ಸರಿಯಾಗಿ ಕೆಲಸ ಮಾಡುವಂತೆ ಅದರ ವಾಟ್ ನಿಗದಿಯಾಗಿರುತ್ತದೆ. ಆರು ಲೀಟರಿನ ಪಾತ್ರೆಯಲ್ಲಿ ಒಂದು ಲೀಟರ್ ಸಾರು ಮಾಡಹೊರಟರೆ ಬಿಸಿ ಬೇಗ ಏರಿ ಅಂಚಿಗೆ ಅಂಟಿ ಸೀಯುತ್ತದೆ. ಕಂಠಮಟ್ಟ ತುಂಬಿದರೆ ಬಿಸಿ ಏರುವುದು ಅಪಾಯಕರವಾಗಿ ತಡವಾಗುತ್ತದೆ. ನಾಲ್ಕು ಜನರ ಮನೆಗೆ ಮೂರೂವರೆ ಲೀಟರ್ ಸಾಕು. ವಾರಕ್ಕೊಮ್ಮೆ ನೆಂಟರಿಷ್ಟರು ಬರುವ ಮನೆಯಾದರೆ ಐದು.

ಎರಡನೆಯದು ಶಾಖ ಎಲ್ಲಿಂದ ಬರುತ್ತದೆ ಎಂಬುದು. ನಾಕ್ಸನ್ ಮಾಡಿದಂತೆ ಸುತ್ತಲಿಂದ ಕಾಯಿಸುವ ದಪ್ಪ ಪಿಂಗಾಣಿ ಪಾತ್ರೆಯಲ್ಲಿ ಗಟ್ಟಿ ಬೇಳೆಯೂ ತಳ ಹಿಡಿಯುವುದಿಲ್ಲ. 2010ರಲ್ಲಿ ಕೆನಡಾದಲ್ಲಿ ಶುರುವಾದ ಇನ್‌ಸ್ಟಂಟ್ ಪಾಟ್‌ನಂಥ ಬಹೂಪಯೋಗಿ ಕುಕ್ಕರ್‌ಗಳಲ್ಲೂ ಸ್ಲೋ ಕುಕ್ ಎಂಬ ಗುಂಡಿ ಇರುತ್ತದೆ. ಆದರೆ ಅವು ಸ್ಟೀಲ್ ಪಾತ್ರೆಯನ್ನು ಅಡಿಯಿಂದ ಮಾತ್ರ ಕಾಯಿಸುತ್ತವೆ. ಪಿಂಗಾಣಿ ಕುಕ್ಕರಿಗೆಂದು ಬರೆದ ಹೊತ್ತಿನ ಲೆಕ್ಕ ಅಲ್ಲಿ ಹೊಂದುವುದಿಲ್ಲ. ಒಂದೇ ಯಂತ್ರ ಸಾಕೆನ್ನುವವರಿಗೆ ಅದು ಸರಿ. ಮುಖ್ಯವಾಗಿ ನಿಧಾನದ ಅಡುಗೆಗೆಂದೇ ಕೊಳ್ಳುವವರು ಪಿಂಗಾಣಿಯದನ್ನೇ ಆರಿಸಲಿ. ಬಿಸಿ ಪಿಂಗಾಣಿಗೆ ತಣ್ಣೀರು ತಾಗಿದರೆ ಸೀಳು ಬಿಡುತ್ತದೆ ಎಂಬ ಎಚ್ಚರ ಇರಬೇಕು.

ಮುಚ್ಚಳ ಗಾಜಿನದಿರಲಿ. ಏರಿದ ಹಬೆ ಗಾಜಿಗೆ ತಾಗಿ ಹನಿಯಾಗಿ ಅಂಚಿಗೆ ಇಳಿದು, ಮುಚ್ಚಳ ಮತ್ತು ಪಾತ್ರೆಯ ನಡುವಿನ ಸಂದಿಯಲ್ಲಿ ತೆಳುವಾದ ನೀರಿನ ಪಟ್ಟಿ ಕಟ್ಟುತ್ತದೆ. ಬಿಸಿಯನ್ನು ಒಳಗೆ ಹಿಡಿದಿಡುವುದು ಅದೇ. ಒಮ್ಮೆ ತೆರೆದು ನೋಡಿದರೆ ಬೇಯುವ ಹೊತ್ತು 20ರಿಂದ 30 ನಿಮಿಷ ಮುಂದಕ್ಕೆ ಹೋಗುತ್ತದೆ. ತೆರೆಯದೆಯೇ ಇಣುಕಲು ಆಗಬೇಕು. ನೀರು ಹೆಚ್ಚು ಆವಿಯಾಗದ ಕಾರಣ ಒಲೆಯ ಅಡುಗೆಗಿಂತ ಕಡಿಮೆ ನೀರು ಹಾಕುವುದು ಕ್ಷೇಮ.

ಗುಂಡಿಯ ಪ್ರಶ್ನೆ ನಮ್ಮ ರಾಜ್ಯದ ಮಟ್ಟಿಗೆ ಕರೆಂಟಿನ ಪ್ರಶ್ನೆ. ತಿರುಗಿಸುವ ಗುಂಡಿಯ ಸಾದಾ ಕುಕ್ಕರ್ ಕರೆಂಟು ಹೋಗಿ ಬಂದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಡಿಜಿಟಲ್ ಮಾದರಿಗಳಲ್ಲಿ ಅನೇಕವು ಕರೆಂಟು ಬಂದರೂ ಸುಮ್ಮನೆ ಕೂತಿರುತ್ತವೆ. ಮೇಲ್ನೋಟಕ್ಕೆ ಮೊದಲನೆಯದೇ ಮೇಲು. ಆದರೆ ಅದರಲ್ಲೊಂದು ಅಪಾಯವಿದೆ: ಮಧ್ಯಾಹ್ನ ಮೂರು ಗಂಟೆ ಕರೆಂಟು ಇಲ್ಲದೆ ಅರೆಬೆಂದ ಮಾಂಸ ಉಗುರುಬೆಚ್ಚಗೆ ಕೂತಿತ್ತು ಎಂಬುದು ಸಂಜೆ ಬಂದವರಿಗೆ ತಿಳಿಯುವುದೇ ಇಲ್ಲ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಮಾಂಸದಡುಗೆಯಲ್ಲಿ ಕಾಣಿಸಿಕೊಳ್ಳುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತೇ ನಿಮಿಷದಲ್ಲಿ ಇಮ್ಮಡಿಯಾಗಬಲ್ಲದು. ಹೀಗಾಗಿ ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ, ಯುಪಿಎಸ್ ಇಲ್ಲದ ಮನೆಯಲ್ಲಿ, ಹಗಲು ಬೀಗ ಹಾಕಿ ಹೋಗುವಾಗ ಮಾಂಸ ಇಡಬಾರದು. ಮನೆಯಲ್ಲಿ ಒಬ್ಬರಾದರೂ ಇರುವ ಹೊತ್ತಿಗೆ ಅದನ್ನು ಇಟ್ಟುಕೊಳ್ಳುವುದು ಲೇಸು. ‘ತಡವಾಗಿ ಶುರು’ ಎಂಬ ಟೈಮರ್ ಸೌಲಭ್ಯವನ್ನೂ ಮಾಂಸಕ್ಕೆ ಮುಟ್ಟಬಾರದು. ಹಸಿ ಮಾಂಸ ಹೊರಗಿರಬಹುದಾದ ಮಿತಿ ಎರಡು ಗಂಟೆ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಂದೇ ಗಂಟೆ.

ಅಮೆರಿಕದಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟ ಕುಕ್ಕರ್ ಇದ್ದವರಿಗೆ ಒಂದು ಮಾತು. ಅದು 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿ 240 ವಾಟಿನ ಕುಕ್ಕರ್ 880 ವಾಟ್ ಎಳೆಯಲು ಹೊರಡುತ್ತದೆ, ತಂತಿ ಸುಟ್ಟುಹೋಗುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ಸಾಲದು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆ, ತೂಕ ನೋಡಿದರೆ ಇಲ್ಲಿನದೇ ಒಂದನ್ನು ಕೊಳ್ಳುವುದು ಜಾಣತನ.

ಕುಕ್ಕರ್ ಯಾವುದೇ ಆಗಿರಲಿ, ರಾಜ್ಮಾವನ್ನು ನೇರವಾಗಿ ಅದರಲ್ಲಿ ಬೇಯಿಸಬಾರದು. ಕೆಂಪು ರಾಜ್ಮಾದಲ್ಲಿ ಫೈಟೋಹಿಮಗ್ಲುಟಿನಿನ್ ಎಂಬ ವಿಷವಸ್ತುವಿದೆ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಇದನ್ನು 80 ಡಿಗ್ರಿಯವರೆಗೆ ಮಾತ್ರ ಕಾಯಿಸಿದರೆ ವಿಷ ಹಸಿ ಕಾಳಿಗಿಂತ ಐದು ಪಟ್ಟು ಹೆಚ್ಚಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ಸ್ಲೋ ಕುಕ್ಕರ್ ಗಂಟೆಗಟ್ಟಲೆ ತಿರುಗಾಡುವುದು ಇದೇ ಉಷ್ಣತೆಯ ಆಸುಪಾಸಿನಲ್ಲಿ. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆಯೇ ಕುಕ್ಕರ್‌ಗೆ ಹಾಕಬೇಕು. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಇಲ್ಲಿ ಆ ಅರ್ಧ ಗಂಟೆಯಲ್ಲಿ ಒಂದು ನಿಮಿಷವೂ ಕಡಿಮೆಯಾಗಬಾರದು. ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿಬಿಡುವುದು ಇನ್ನೂ ನೆಮ್ಮದಿ.

ಹೊಸ ಕುಕ್ಕರ್ ಮನೆಗೆ ಬಂದ ದಿನ ಅಡುಗೆ ಮಾಡಬೇಡಿ. ಅರ್ಧದಿಂದ ಮೂರರಲ್ಲಿ ಎರಡು ಪಾಲಿನವರೆಗೆ ನೀರು ತುಂಬಿ, ‘ಲೋ’ಗೆ ತಿರುಗಿಸಿ, ಎಂಟು ಗಂಟೆ ಮುಚ್ಚಳ ತೆರೆಯದೆ ಬಿಡಿ. ಆಮೇಲೆ ಮುಚ್ಚಳ ಎತ್ತಿದ ತಕ್ಷಣ ಅಡುಗೆಯ ಥರ್ಮಾಮೀಟರ್ ಅದ್ದಿ ನೋಡಿ. 85 ಡಿಗ್ರಿಯ ಮೇಲಿದ್ದರೆ ಕುಕ್ಕರ್ ಕೆಲಸಕ್ಕೆ ಸಿದ್ಧ. ಕುದಿಯುವ ಬಿಂದುವನ್ನೇ ಮುಟ್ಟಿದ್ದರೆ ಪುಸ್ತಕ ಹೇಳುವ ಹೊತ್ತಿಗಿಂತ ಬೇಗ ಅಡುಗೆ ಇಳಿಸಿ. 85ಕ್ಕಿಂತ ಕೆಳಗಿದ್ದರೆ ಬಿಲ್ ಸಮೇತ ಅಂಗಡಿಗೆ ವಾಪಸ್ ಕೊಡಿ.